ಕಂಬಳಿ ಕೋಟು ಹೊಲಿಸಿದ ಅತ್ತಿಗಮ್ಮ

ನಮ್ಮ ಅತ್ತಿಗಮ್ಮ ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಬಟ್ಟೆ ಮುಟ್ಟಿ ನೋಡುತ್ತಿದ್ದರು. ಸೆರಗಿನ ತುದಿಯನ್ನೋ ಅಂಗಿಯ ತೋಳನ್ನೋ ಎರಡು ಬೆರಳಲ್ಲಿ ಹಿಡಿದು ತಿಕ್ಕಿ, "ಗಟ್ಟಿಯಾಗೈತೆ" ಎಂದರೆ ಬಂದವರಿಗೆ ಕಾಫಿ ಸಿಗುತ್ತಿತ್ತು. "ಎಲ್ಡು ಒಗೆತಕ್ಕೆ ಓಯ್ತದೆ ಬುಡು" ಎಂದರೂ ಕಾಫಿ ಸಿಗುತ್ತಿತ್ತು, ಜೊತೆಗೆ ಬುದ್ಧಿವಾದವೂ. ಒಮ್ಮೆ ಜಮೀನಿನ ವಿಚಾರಕ್ಕೆ ಬಂದ ಅಮಲ್ದಾರರ ಕೋಟಿನ ಅಂಚನ್ನೇ ಹಿಡಿದುಬಿಟ್ಟಿದ್ದರು. ಅವರು ದಂಗಾಗಿ ನಿಂತರೆ ಇವರು, "ಒಳಗಡೆ ಅಸ್ತರಿ ಅರಿದೈತೆ ಸ್ವಾಮಿ, ಬಿಚ್ಕೊಡಿ, ಒಲ್ದುಕೊಡ್ತೀನಿ" ಎಂದರಂತೆ. ಅಮಲ್ದಾರರು ಬಿಚ್ಚಿಯೂ ಕೊಟ್ಟರಂತೆ.

ಅತ್ತಿಗಮ್ಮ ಎಂದರೆ ನಮ್ಮ ಯಜಮಾನರ ಅಕ್ಕ, ಕೆಂಪಮ್ಮ. ಅವರನ್ನು ಮೇಟಗಳ್ಳಿಗೆ ಕೊಟ್ಟಿದ್ದರು. ಮೇಟಗಳ್ಳಿ ಆಗಿನ್ನೂ ರಾಗಿ, ಅವರೆ ಬೆಳೆಯುವ ಹಳ್ಳಿ. ಗಂಡ ತೀರಿಕೊಂಡ ಮೇಲೆ ಬೇಸಾಯವನ್ನೆಲ್ಲ ತಾವೇ ನೋಡಿಕೊಂಡು, ಬಿಡುವಾದಾಗ ಒಂಟಿಕೊಪ್ಪಲಿನ ನಮ್ಮ ಮನೆಗೆ ನಡೆದೇ ಬರುತ್ತಿದ್ದರು. ಎತ್ತರದ ಆಳು, ದೊಡ್ಡ ಗಂಟಲು. ಬೀದಿಯ ತಿರುವಿನಲ್ಲಿರುವಾಗಲೇ "ಜಯಾ, ಒಲೆ ಮೇಲೆ ನೀರು ಮಡಗವ್ವಾ" ಎಂಬ ಕೂಗು ಕೇಳಿಸುತ್ತಿತ್ತು.

ನಾನು ಆಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಒಂದು ವರ್ಷದ ತರಬೇತಿಗಾಗಿ ಸರ್ಕಾರದವರು ನನ್ನನ್ನು ಇಂಗ್ಲೆಂಡಿಗೆ ಕಳಿಸಲು ಆರಿಸಿದರು. ಗೌರಿಹಬ್ಬ ಕಳೆದ ಮೇಲೆ ಬೊಂಬಾಯಿಯಲ್ಲಿ ಹಡಗು ಹತ್ತಬೇಕು, ಇಲ್ಲಿ ದಸರಾ ನಡೆಯುವ ಹೊತ್ತಿಗೆ ಅಲ್ಲಿ ತರಗತಿ ಶುರು. ಮನೆಯಲ್ಲಿ ಎಲ್ಲರಿಗೂ ಸಂತೋಷವೇ. ತಕರಾರು ಬಂದದ್ದು ಬಟ್ಟೆಯಿಂದ.

ನಮ್ಮ ಶಾಲೆಯ ದೊಡ್ಡ ಮೇಡಂ ಇಂಗ್ಲೆಂಡಿನವರು. "ಸೀರೆ ಉಟ್ಟು ಆ ಚಳಿಯಲ್ಲಿ ಓಡಾಡಿದರೆ ಖಂಡಿತ ಕಾಯಿಲೆ ಬೀಳುತ್ತೀರಿ. ಸ್ಕರ್ಟು, ಉಣ್ಣೆಯ ಕೋಟು ಹೊಲಿಸಿ. ಇಲ್ಲದಿದ್ದರೆ ನಿಮ್ಮನ್ನು ಕಳಿಸಲು ನಾನು ಒಪ್ಪುವುದಿಲ್ಲ" ಎಂದರು. ಮನೆಗೆ ಬಂದು ಹೇಳಿದರೆ ನಮ್ಮ ಅತ್ತೆ, "ಲಂಗ ತೊಟ್ಕಂಡು ಓಯ್ತಾಳಂತಾ? ಸೀರೆ ಬುಟ್ಟು ಓಗದಾದ್ರೆ ಮಗೀನೂ ಕರ್ಕಂಡು ಓಗ್ಲಿ. ನಾನು ನೋಡ್ಕಳಕ್ಕಿಲ್ಲ" ಎಂದು ಗೋಡೆಯ ಕಡೆ ತಿರುಗಿ ಕೂತರು. ಮಗು ಎಂದರೆ ಮೂರು ವರ್ಷದ ನನ್ನ ಮಗಳು. ಅತ್ತೆಯ ಮಡಿಲಿಲ್ಲದೆ ಅವಳನ್ನು ಬಿಟ್ಟುಹೋಗುವ ಮಾತೇ ಇರಲಿಲ್ಲ. ಇನ್ನು ನಮ್ಮ ಯಜಮಾನರು, ಕೊನೆಗೆ ಯಾರು ಮಾತಾಡಿದರೋ ಅವರ ಮಾತು ಸರಿ ಎನ್ನುವ ಸ್ವಭಾವದವರು. ನಾಲ್ಕು ದಿನ ಹೀಗೇ ಕಳೆದು, ಒಂದು ಸಂಜೆ ನನಗೆ ಸಾಕಾಗಿ, "ನಾನು ಎಲ್ಲಿಗೂ ಹೋಗೋದಿಲ್ಲ ಬಿಡಿ" ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿಬಿಟ್ಟೆ.

ಮಾರನೆಯ ದಿನ ಅತ್ತಿಗಮ್ಮ ಬಂದರು. ಅತ್ತೆ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಅಲ್ಲ ಕಣವ್ವ, ಚಳಿ ಚಳಿ ಅಂತೀರಿ, ಎಂಥ ಚಳಿ ಅಂತ ಯಾರಾದ್ರೂ ಕೇಳಿದ್ರಾ? ನಡಿ, ಆ ದೊರೆಸಾನಿನೇ ಕೇಳ್ಕಂಬರಾನ" ಎಂದು ನನ್ನನ್ನು ಎಬ್ಬಿಸಿದರು.

ಮೇಡಂ ಬಾಗಿಲಿಗೆ ಬಂದದ್ದೇ ತಡ, ಅತ್ತಿಗಮ್ಮ ಬಗ್ಗಿ ಅವರ ಸ್ಕರ್ಟಿನ ಅಂಚು ಹಿಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ಗಟ್ಟಿಯಾಗೈತೆ" ಎಂದು ಎದ್ದು ನಿಂತು, "ಅಮ್ಮಾವ್ರೇ, ನಮ್ ಉಡುಗಿ ಅಲ್ಲಿಗೆ ಓಗೋವಾಗ ಎಂಥ ಕಾಲ?" ಎಂದು ಕೇಳಿದರು. ಮೇಡಂ ತಮಗೆ ಬರುವ ಕನ್ನಡದಲ್ಲಿ, "ಅಲ್ಲಿ ಆಗ ಎಲೆ ಬೀಳುವ ಕಾಲ" ಎಂದರು.

ಅತ್ತಿಗಮ್ಮನ ಮುಖ ಅರಳಿತು. "ನೋಡ್ದಾ! ಎಲೆ ಉದುರೋದು ಶಿವರಾತ್ರಿ ಸುಮಾರ್ಗೆ. ಆಮೇಲೆ ಸೆಕೆ ತಾನೆ? ತೆಳ್ಳನೆ ಸೀರೆ ಸಾಕು!"

ಮೇಡಂ ಜೋರಾಗಿ ನಕ್ಕುಬಿಟ್ಟರು. ಆಮೇಲೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು: ಬಿಸಿಲೇ ಇಲ್ಲದ ಹಗಲು, ನಿಲ್ಲದ ಗಾಳಿ, ಜಿನುಗುತ್ತಲೇ ಇರುವ ಮಳೆ, ಮುಂದೆ ಮುಂದೆ ಇನ್ನೂ ಚಳಿ. ಅತ್ತಿಗಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿ, "ಅಂಗಾದ್ರೆ ಆಷಾಢದ ಗಾಳಿ, ಮಾಗಿ ಚಳಿ, ಎಲ್ಡೂ ಒಟ್ಗೆ ಬಂದಂಗೆ" ಎಂದರು. ಮೇಡಂ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಅತ್ತಿಗಮ್ಮ ಪಂದ್ಯ ಕಟ್ಟಿದರು: "ಈಗ ಆಷಾಢನೇ ನಡೀತಾ ಐತೆ. ಇವಳಿಗೆ ಸೀರೆ ಉಡಿಸಿ ಬೆಟ್ಟ ಅತ್ತಿಸಿ ನೋಡ್ತೀನಿ. ತಡೀಲಿಲ್ಲ ಅಂದ್ರೆ ನಿಮ್ ಲಂಗನೇ ಸೈ. ತಡೀತು ಅಂದ್ರೆ ನೀವು ಒಪ್ಕಬೇಕು." ಮೇಡಂ ಒಪ್ಪಿದರು. ಅವರಿಗೂ ಈ ಆಟ ಹಿಡಿಸಿತ್ತೆಂದು ಕಾಣುತ್ತದೆ.

ಜಿನುಗುಮಳೆಯ ಒಂದು ಬೆಳಿಗ್ಗೆ ಜಟಕಾದಲ್ಲಿ ಚಾಮುಂಡಿಬೆಟ್ಟದ ಬುಡಕ್ಕೆ ಹೋದೆವು. ಸೀರೆಯೊಳಗೆ ಪಕ್ಕದ ಮನೆಯ ಲೂರ್ದಮ್ಮನವರು ತಮ್ಮ ಹೊಲಿಗೆ ಮಿಷನ್ನಿನಲ್ಲಿ ಹೊಲಿದುಕೊಟ್ಟ ಫ್ಲಾನೆಲ್ ಒಳಲಂಗ, ಕಾಲಿಗೆ ಯಜಮಾನರ ಉಣ್ಣೆಯ ಕಾಲುಚೀಲ, ಮೇಲೆ ಶಾಲು. ಮೆಟ್ಟಿಲು ಹತ್ತುತ್ತ ಮೊದಮೊದಲು ಬೆಚ್ಚಗೇ ಇತ್ತು. ದೊಡ್ಡ ಬಸವನ ಹತ್ತಿರ ಬರುವಷ್ಟರಲ್ಲಿ ಶಾಲು ನೆನೆದು ಬೆನ್ನಿಗೆ ಅಂಟಿತು. ಸೀರೆಯ ಅಂಚು ಒದ್ದೆಯಾಗಿ ಹೆಜ್ಜೆಗೊಮ್ಮೆ ಕಾಲಿಗೆ ಬಡಿಯತೊಡಗಿತು. ಗಾಳಿ ಬೀಸಿದಾಗ ಹಲ್ಲು ಕಟಕಟ ಎಂದವು. "ಸೋತೆವು ಅತ್ತಿಗಮ್ಮ, ಇಳಿಯೋಣ" ಎಂದೆ. ನಿಜಕ್ಕೂ ಅಳು ಬಂದಿತ್ತು.

ಅತ್ತಿಗಮ್ಮ ತಾವು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡಿದ್ದ ಕರಿಯ ಕಂಬಳಿಯನ್ನು ತೆಗೆದು ನನ್ನ ಮೇಲೆ ಹೊದಿಸಿದರು. ಮೇಲೆಲ್ಲ ಹನಿಗಳು ಮುತ್ತಿನಂತೆ ನಿಂತಿದ್ದವು, ಒಳಗೆ ಒಣಗಿತ್ತು. ಕ್ಷಣದಲ್ಲಿ ಮೈ ಬೆಚ್ಚಗಾಯಿತು. ಅವರು ಮಳೆಯಲ್ಲಿ ತೊಯ್ಯುತ್ತಾ ನನ್ನ ಸುತ್ತ ಒಂದು ಸುತ್ತು ಬಂದು ನೋಡಿದರು.

"ಇದ್ನೇ ಕತ್ತರಿಸಿ ಕೋಟು ಒಲಿಸಿದ್ರೆ ಎಂಗೆ?"

"ವಿಲಾಯ್ತಿಗೆ ಕುರುಬರ ಕಂಬಳಿ ಹೊದ್ದುಕೊಂಡು ಹೋಗೋದಾ ಅತ್ತಿಗಮ್ಮ!"

"ಇದು ಕುರುಬ್ರುದು ಅಂತ ವಿಲಾಯ್ತಿ ಮಳೆಗೆ ಗೊತ್ತಾಯ್ತದಾ?" ಎಂದರು. ನಗು ತಡೆಯಲಾಗಲಿಲ್ಲ. ಆ ಗಾಳಿಯಲ್ಲಿ ಬಸವನ ಮುಂದೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಕಂಬಳಿಗೆ ಲೂರ್ದಮ್ಮನವರ ಮಿಷನ್ನಿನ ಸೂಜಿಗಳು ಮುರಿದವು. "ಇದು ನನ್ನ ಕೈಲಾಗಲ್ಲ ಕೆಂಪಮ್ಮನೋರೇ" ಎಂದ ಅವರನ್ನು ಬಿಡದೆ, ಜೊತೆಗೆ ಕೂತು, ಗೋಣಿ ಹೊಲಿಯುವ ದಬ್ಬಳದಲ್ಲಿ ಇಬ್ಬರೂ ಸೇರಿ ಕೈಯಲ್ಲೇ ಹೊಲಿದರು. ಚುಚ್ಚದಂತೆ ಒಳಗೆ ಅತ್ತಿಗಮ್ಮನ ಹಳೆಯ ಮೆತ್ತನೆಯ ಸೀರೆಯ ಅಸ್ತರಿ. ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಡುವುದೆಂದು ತೀರ್ಮಾನವಾಯಿತು. ಮೇಡಂ ಬಂದು ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮದೇ ಒಂದು ಜೊತೆ ಬೂಟು ಕೊಟ್ಟುಹೋದರು. ಅತ್ತೆ ಮಾತ್ರ ಇನ್ನೂ ಒಪ್ಪಿರಲಿಲ್ಲ. ಒಂದು ಮಧ್ಯಾಹ್ನ ನಾನು ಕೋಣೆಗೆ ಹೋದರೆ, ಅವರೇ ಆ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ನನ್ನನ್ನು ಕಂಡು ಗಡಬಡಿಸಿ, "ಜೇಬು ಒಸಿ ದೊಡ್ದು ಮಾಡ್ಸು" ಎಂದರು. ಪೆಟ್ಟಿಗೆ ಅಟ್ಟದಿಂದ ಇಳಿಯಿತು.

ಅತ್ತಿಗಮ್ಮ ಪೆಟ್ಟಿಗೆಗೆ ತುಂಬಿದ್ದೆಲ್ಲ ಇಂಗ್ಲೆಂಡಿನಲ್ಲಿ ಉಪಯೋಗಕ್ಕೆ ಬಂತು ಎನ್ನಲಾರೆ. "ರಾಣಿ ಎದುರಾದ್ರೆ ಬೇಕಾಯ್ತದೆ" ಎಂದು ತಳದಲ್ಲಿ ಇಟ್ಟಿದ್ದ ಎರಡು ಜರತಾರಿ ಸೀರೆಗಳ ಮಡಿಕೆ ಬಿಚ್ಚದೆ ವಾಪಸು ತಂದೆ. ಬಚ್ಚಲಿಗೆಂದು ಇಟ್ಟ ಮರದ ಹಾವುಗೆಯ ಸದ್ದಿಗೆ ಹಾಸ್ಟೆಲಿನ ಕೆಳಮಹಡಿಯವರು ದೂರು ಕೊಟ್ಟರು. ಆದರೆ ಕೋಟು ಮಾತ್ರ ಗೆದ್ದಿತು. ಅದಕ್ಕೆ ಒಂದೇ ದೋಷ. ನೆನೆದು ಒಣಗುವಾಗ ಕುರಿಮಂದೆಯ ವಾಸನೆ ಹೊಡೆಯುತ್ತಿತ್ತು. ತರಗತಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಬೀಳತೊಡಗಿತು. ನಾನು ಮುದುಡಿಕೊಂಡು ಮೂಲೆಯಲ್ಲಿ ಕೂರುತ್ತಿದ್ದೆ.

ಒಂದು ದಿನ ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದ ಬಂದಿದ್ದ ಹುಡುಗಿಯೊಬ್ಬಳು ಬೇಕೆಂದೇ ಬಂದು ಆ ಕುರ್ಚಿಯಲ್ಲಿ ಕೂತಳು. ಕೋಟಿನ ತೋಳಿಗೆ ಮೂಗು ತಾಗಿಸಿದಳು. ಗೇಲಿ ಮಾಡುತ್ತಾಳೆಂದು ನಾನು ಮುಖ ತಿರುಗಿಸಿದೆ. ಅವಳ ಕಣ್ಣು ತುಂಬಿತ್ತು. "ನಮ್ಮ ಅಪ್ಪನ ಅಂಗಿ ಹೀಗೇ ಇರುತ್ತೆ. ಮನೆ ಬಿಟ್ಟು ಬಂದಮೇಲೆ ಇವತ್ತೇ ಈ ವಾಸನೆ ಸಿಕ್ಕಿದ್ದು" ಎಂದಳು. ಅವರದು ಕುರಿ ಸಾಕುವ ಮನೆತನ. ಆ ವರ್ಷವೆಲ್ಲ ನಾವಿಬ್ಬರೂ ಒಟ್ಟಿಗೇ ಕೂತೆವು. ನನಗೆ ಅಲ್ಲಿ ದೊರೆತ ಮೊದಲ ಗೆಳತಿ ಅವಳು.

ಊರಿಗೆ ಬಂದ ಮೇಲೆ ಅತ್ತಿಗಮ್ಮನಿಗೆ ಹಡಗು, ಹಿಮ, ನೆಲದಡಿಯ ರೈಲು ಎಲ್ಲ ಹೇಳಿದೆ. ಹೂಂಗುಟ್ಟುತ್ತ ಅವರೆಕಾಯಿ ಬಿಡಿಸುತ್ತಿದ್ದರು. ಈ ಹುಡುಗಿಯ ವಿಷಯ ಬಂದಾಗ ಕೈ ನಿಂತಿತು. "ಅಲ್ಲೂ ಕುರಿ ಮೇಯಿಸ್ತಾರಾ?" ಎಂದರು. "ನಾನು ಅವರೆಲ್ಲ ಆಫೀಸರ್‌ಗಳೇ ಅನ್ಕಂಡಿದ್ನಲ್ಲೇ! ಪಾಪ, ಆ ಮಗೀನ ಒಂದ್ಸಲ ಕರ್ಕಂಬಾ." ಬಹಳ ದಿನ ಆ ಹುಡುಗಿಯನ್ನು ತಮ್ಮ ನೆಂಟರ ಹುಡುಗಿಯಂತೆಯೇ ವಿಚಾರಿಸುತ್ತಿದ್ದರು.

ಇನ್ನೂ ಕೆಲವು ವರ್ಷ ಹೀಗೇ ಸುಖವಾಗಿ ಕಳೆಯಿತು. ಒಂದು ಪುಷ್ಯದ ಬೆಳಿಗ್ಗೆ ಬಾಗಿಲಲ್ಲಿ ಜಟಕಾ ನಿಂತಿತು. ಅತ್ತಿಗಮ್ಮ ಇಳಿಯಲಿಲ್ಲ. ಒಂದು ಚೀಲ ಅವರೆಕಾಯಿಯನ್ನು ಜಟಕಾದವನಿಂದ ಇಳಿಸಿ, "ಈ ಸಲ ಸೊಗಡು ಬಲು ಚೆಂದಾಗೈತೆ ಕಣವ್ವ. ಒಲದಲ್ಲಿ ಆಳುಗಳವ್ರೆ, ಓಗ್ಬೇಕು. ಭಾನುವಾರ ಬತ್ತೀನಿ, ಇತಕಿ ಮಡಗಿರು, ಸಾರು ಮಾಡಾನ" ಎಂದರು. "ಒಂದು ಲೋಟ ಕಾಫಿ ಕುಡಿದಾದರೂ ಹೋಗಿ" ಎಂದೆ. ಜಟಕಾ ಆಗಲೇ ಹೊರಟಿತ್ತು.

ಶನಿವಾರ ನಾನು, ಅತ್ತೆ, ನನ್ನ ಮಗಳು ಜಗಲಿಯಲ್ಲಿ ಕೂತು ನೆನೆದ ಕಾಳು ಹಿತಕುತ್ತಿದ್ದೆವು. ಮೇಟಗಳ್ಳಿಯಿಂದ ಅತ್ತಿಗಮ್ಮನ ಆಳೊಬ್ಬ ಓಡಿಬಂದು ಗೇಟಿನಲ್ಲೇ ನಿಂತ. ಅವ್ವಾರು ಹೊಲದ ಬದುವಿನ ಮೇಲೆ ಸುಧಾರಿಸಿಕೊಳ್ಳಲು ಕೂತವರು ಮತ್ತೆ ಏಳಲಿಲ್ಲ ಎಂದ. ಅತ್ತೆ ಕೈಯಲ್ಲಿದ್ದ ಕಾಳನ್ನು ಹಿತಕಿ ಪಾತ್ರೆಗೆ ಹಾಕಿದರು. ಸೆರಗಿಗೆ ಕೈ ಒರೆಸಿಕೊಂಡರು.

"ಎದ್ದೇಳು ಜಯಾ," ಎಂದರು, "ನನ್ ಮಗಳು ಕಾಯ್ತಾವ್ಳೆ."