ಪುಟ್ಟಿ ಏಳುವಷ್ಟರಲ್ಲಿ

ನನ್ನ ಸೊಸೆ ಹಿಡಿದ ಕೆಲಸ ಬಿಡುವವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ದಾರದ ಗಂಟು ಬಿಡಿಸಲು ಕೂತು, ಒಲೆಯ ಮೇಲಿದ್ದ ಹಾಲನ್ನೆಲ್ಲ ಉಕ್ಕಿಸಿಬಿಟ್ಟಿದ್ದಳು. "ಮನೇಲಿ ಕತ್ತರಿ ಇಲ್ವೇನೇ?" ಎಂದು ರೇಗಿದರೆ, "ಇದೆ ಅತ್ತೆ, ಆದ್ರೆ ಇದು ಬಿಚ್ಚೋಕೆ ಬರೋ ಗಂಟು" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಈ ಗುಣವೇ ಅವಳಿಗೆ ಮುಳುವಾಯಿತು. ಸರ್ಕಾರಿ ಗುಮಾಸ್ತೆ ಕೆಲಸದ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಗಣಿತದಲ್ಲಿ ಡುಮ್ಕಿ ಹೊಡೆದಳು. ಲೆಕ್ಕ ಬಾರದೆ ಅಲ್ಲ. ಕಷ್ಟದ್ದೊಂದು ಸಿಕ್ಕಿದರೆ ಅದನ್ನೇ ಕಚ್ಚಿಕೊಂಡು ಕೂತಿರುತ್ತಿದ್ದಳು. ಕೊನೆಯ ಪುಟದ ಸುಲಭದ ಲೆಕ್ಕಗಳಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತಿತ್ತು. ಮೂರನೆಯ ಸಲ ಅರ್ಜಿ ಹಾಕಿದಾಗ ವಯಸ್ಸಿನ ಮಿತಿಗೆ ಅದೇ ಕೊನೆ. ತಪ್ಪಿದರೆ ಆ ಕೆಲಸದ ಆಸೆಯನ್ನೇ ಬಿಡಬೇಕಿತ್ತು. ಮನೆಯಲ್ಲಿ ಪುಟ್ಟಿ ಬೇರೆ; ನನ್ನ ಮೊಮ್ಮಗಳು, ಆಗಿನ್ನೂ ಅಂಬೆಗಾಲಿಡುವ ಕೂಸು.

"ಈ ಕೂಸು ಕಟ್ಕೊಂಡು ಅದೇನು ಓದ್ತೀಯೋ, ನಾ ಕಾಣೆ" ಎಂದೆ.

"ಅವಳು ಮಲಗಿದಾಗ ಓದ್ತೀನಿ ಅತ್ತೆ."

ಹಾಗೆಯೇ ಮಾಡಿದಳು. ಮಧ್ಯಾಹ್ನ ಪುಟ್ಟಿಯನ್ನು ತೊಟ್ಟಿಲಿಗೆ ಹಾಕಿ, ಅಡುಗೆಮನೆಯ ನೆಲದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂರುವಳು. ಗೋಡೆಯ ಗಡಿಯಾರ ಲೆಕ್ಕಕ್ಕೇ ಇಲ್ಲ. ಪುಟ್ಟಿ ಅತ್ತಳೋ, ಪರೀಕ್ಷೆ ಮುಗಿಯಿತು, ಪೆನ್ನು ಕೆಳಗೆ! ಆ ಪುಣ್ಯಾತ್ಗಿತ್ತಿಯದೋ ಒಂದು ದಿನ ಕುಂಭಕರ್ಣನ ನಿದ್ದೆ, ಇನ್ನೊಂದು ದಿನ ಕೋಳಿನಿದ್ದೆ. ಯಾವಾಗ ಏಳುತ್ತಾಳೋ ಗೊತ್ತಿಲ್ಲದ ಮೇಲೆ ಒಂದೇ ಲೆಕ್ಕದ ಮುಂದೆ ಕೂರಲು ಯಾರಿಗೆ ಧೈರ್ಯ ಬಂದೀತು? ಕಂಡ ಕೂಡಲೇ ಉತ್ತರ ಹೊಳೆಯುವಂಥವನ್ನು ಮೊದಲು ಮುಗಿಸುವಳು. ಆಮೇಲೆ ಸ್ವಲ್ಪ ಯೋಚಿಸಬೇಕಾದವು. ತಲೆ ತಿನ್ನುವ ಲೆಕ್ಕದ ಪಕ್ಕ ಒಂದು ಚುಕ್ಕೆ ಇಟ್ಟು ಮುಂದೆ ಹೋಗುವಳು. ಆ ಚುಕ್ಕೆ ಇಡುವಾಗ ಅವಳ ಮುಖ ನೋಡಬೇಕಿತ್ತು, ಹಲ್ಲು ಕೀಳಿಸಿಕೊಂಡವರ ಹಾಗೆ!

ನಾನು ಬಾಗಿಲ ಬಳಿ ಬಟ್ಟೆ ಮಡಿಸುತ್ತಾ ನೋಡುತ್ತಿದ್ದೆ. ಪಾತ್ರೆ ಸದ್ದಾಗಬಾರದು, ಕೆಮ್ಮು ಬಂದರೆ ಹಿತ್ತಿಲಿಗೆ ಓಡಬೇಕು. ಎಷ್ಟು ಚೆನ್ನಾಗಿದ್ದವು ಆ ಮಧ್ಯಾಹ್ನಗಳು! ಈಗ ಪುಟ್ಟಿ ನನಗಿಂತ ಎತ್ತರ. ಮನೆಯಲ್ಲಿ ಯಾರೂ ಪಿಸುಮಾತಿನಲ್ಲಿ ಮಾತಾಡುವುದಿಲ್ಲ.

ಪರೀಕ್ಷೆಯ ದಿನ ಮಗುವನ್ನೆತ್ತಿಕೊಂಡು ನಾನೂ ಹೋದೆ. ಶಾಲೆಯ ಗೇಟಿನ ಹೊರಗೆ ಅಜ್ಜಿಯರು, ಗಂಡಂದಿರು, ಕೂಸುಗಳು, ದೊಡ್ಡ ಸಂತೆಯೇ ನೆರೆದಿತ್ತು. ಸೊಸೆಗೆ ಪುಟ್ಟಿಯ ದನಿ ಕೇಳಿಸಬಾರದೆಂದು ನಾನು ದೂರ ಹೋಗಿ ಕೂತೆ. ಏನು ಮಾಡಲಿ, ಇನ್ಯಾರದೋ ಕೂಸು ಅವಳ ಕಿಟಕಿಯ ಹತ್ತಿರವೇ ಕಿಟಾರನೆ ಕಿರುಚಿತಂತೆ. ನಮ್ಮವಳು ಪೆನ್ನು ಕೆಳಗಿಟ್ಟು, ಪತ್ರಿಕೆ ಮಡಿಸಿ, ಎದ್ದು ನಿಂತೇಬಿಟ್ಟಳಂತೆ!

ಕೋಣೆಯ ಮೇಲ್ವಿಚಾರಕಿ ಹತ್ತಿರ ಬಂದು, "ಯಾಕಮ್ಮಾ, ಮುಗೀತಾ?" ಎಂದು ಕೇಳಿದರಂತೆ.

"ಟೈಮ್ ಆಯ್ತಲ್ಲ ಮೇಡಂ, ಮಗು ಎದ್ಬಿಡ್ತು."

"ಯಾವ ಮಗು? ಕೂತ್ಕೊಳ್ಳಮ್ಮ. ಇನ್ನೂ ಅರ್ಧ ಗಂಟೆ ಇದೆ."

ಪಾಸಾದಳು, ಕೆಲಸವೂ ಸಿಕ್ಕಿತು. ಅದು ಆಮೇಲಿನ ಮಾತು. ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿರುವುದು ಅವಳು ಆ ಗೇಟಿನಿಂದ ಹೊರಗೆ ಬಂದ ರೀತಿ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಏನಾಯ್ತೇ? ಈ ಸಲಾನೂ ಹೋಯ್ತಾ?"

"ಇಲ್ಲ ಅತ್ತೆ, ಚೆನ್ನಾಗೇ ಆಯ್ತು. ಕಷ್ಟದ್ದನ್ನೂ ಸುಮಾರು ಮಾಡಿದೆ."

"ಮತ್ತೆ ಯಾಕೆ ಅಳ್ತೀಯ, ತಾಯಿ?"

"ಇನ್ನೂ ಅರ್ಧ ಗಂಟೆ ಇದೆ ಅಂದ್ರು ಅತ್ತೆ. ಯಾರೂ ಕರೆಯಲ್ಲ, ಯಾರೂ ಎದ್ದು ಅಳಲ್ಲ. ಅರ್ಧ ಗಂಟೆ, ಪೂರ್ತಿ ನಂದೇ. ಪುಟ್ಟಿ ಹುಟ್ಟಿದ ಮೇಲೆ ಇದೇ ಮೊದಲು."

ಅಷ್ಟರಲ್ಲಿ ಅಮ್ಮನನ್ನು ಕಂಡ ಪುಟ್ಟಿ ಕೈಚಾಚಿ ರಾಗ ತೆಗೆದಳು. ಸೊಸೆ ಕಣ್ಣೊರೆಸಿಕೊಂಡು ಕೈ ಮುಂದೆ ಮಾಡಿದಳು. ನಾನು ಮಗುವನ್ನು ಕೊಡಲಿಲ್ಲ.

"ಅಳ್ಲಿ ಬಿಡು, ನಾನಿದ್ದೀನಿ. ನೀನು ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ ಹೋಗು" ಎಂದೆ.