ಅಂಗೈ ಬಿಸಿ

ಮೇಲೂರಿನ ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಅಜ್ಜಿಯೊಬ್ಬರಿದ್ದರು. ಬೀದಿಯಲ್ಲಿ ಯಾರು ಕೆಮ್ಮಿದರೂ ದೊಡ್ಡಪತ್ರೆ ಎಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ತರುವರು. ಎದೆ ಕಟ್ಟಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ, ಅಂಗೈ ಬಿಸಿ ಮಾಡಿಕೊಂಡು ತಿಕ್ಕುವರು. ‘ಉಸಿರಾಡಮ್ಮ, ಅದೇ ಬಿಟ್ಕೊಳ್ತದೆ’ ಎನ್ನುವುದು ಅವರ ಮಾತು.

ಒಂದು ಚಳಿಗಾಲ ಅವರಿಗೇ ಎದೆ ಕಟ್ಟಿತು. ಕೆಮ್ಮು ಗೋಡೆಯಾಚೆಗೂ ಕೇಳುತ್ತಿತ್ತು. ನಾನು ಕರ್ಪೂರದೆಣ್ಣೆ ಕಾಯಿಸಿಕೊಂಡು ಹೋದರೆ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದರು.

‘ಒಳಗೆ ತರಬೇಡ ಕಣಮ್ಮ! ಹುಳ ಹಣ್ಣಾಗವೆ, ಗೂಡು ಕಟ್ಟೋ ಹೊತ್ತು. ಈ ಘಾಟು ತಗುಲಿದ್ರೆ ಗೂಡು ಕಟ್ಟಲ್ಲ.’

‘ಹಂಗಾದ್ರೆ ನೀವೇ ನಮ್ಮನೆಗೆ ಬನ್ನಿ ಅಜ್ಜಿ.’

‘ಮೈಗೆ ಹಚ್ಕೊಂಡು ಮತ್ತೆ ಇಲ್ಲಿಗೇ ತಾನೆ ಬರೋದು? ಗೂಡಾಗ್ಲಿ, ತಾಳು.’

ಬರೀ ಬಿಸಿನೀರು ಕುಡಿಯುತ್ತ, ಸೆರಗು ಬಾಯಿಗೊತ್ತಿಕೊಂಡು ಕೆಮ್ಮುತ್ತ, ಹಣ್ಣಾದ ಹುಳುಗಳನ್ನು ಆರಿಸಿ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಟ್ಟರು.

ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಸಂಜೆ ಅವರೇ ನಮ್ಮ ಮನೆಗೆ ಬಂದು, ‘ಈಗ ತಿಕ್ಕಮ್ಮ’ ಎಂದು ಚಾಪೆಯ ಮೇಲೆ ಕೂತರು. ನಾನು ಅಂಗೈ ಬಿಸಿ ಮಾಡಿಕೊಂಡು ಅವರ ಎದೆಯ ಮೇಲಿಟ್ಟೆ. ಊರಿಗೆಲ್ಲ ತಿಕ್ಕಿದ ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದರು:

‘ಓ, ಇಷ್ಟು ಹಾಯಾಗಿರ್ತದಾ ಇದು?’