ಗೌಸಣ್ಣನ ಬಾಡಗಿ ಬಾಯಿ

ಗೌಸಮೊದ್ದೀನ ನದಾಫ ಅಂದ್ರ ಹಳೇ ಹುಬ್ಬಳ್ಳಿಯೊಳಗ ಅರ್ಧ ಮಂದಿಗೆ ಗೊತ್ತಾಗೂದಿಲ್ಲ. ಆಟೋದಾಗ ಮೈಕ್ ಹಿಡಕೊಂಡು ಒದರೋ ಗೌಸಣ್ಣ ಅನ್ರಿ, ಸಣ್ಣ ಕೂಸೂ ಕೈ ಮಾಡಿ ಮನಿ ತೋರಸ್ತೈತಿ. ಮೂವತ್ತೆರಡು ವರ್ಷ ಅಂವ ನನ್ನ ಅಂಗಡಿ ಮೈಕ್‌ನ್ಯಾಗ ಮಾತಾಡ್ಯಾನ. ನಾನು ರಾಜಶೇಖರ, ಮೈಕ್‌ಸೆಟ್ಟು, ಆಟೋ ಬಾಡಗಿ ಕೊಡಾಂವ. ಅವನ ಕಥಿ ಹೇಳೂದಿದ್ರ ನಂದೂ ಹೇಳಬೇಕಾಗ್ತೈತಿ, ಅದಕ್ಕಽ ಇಷ್ಟು ದಿನಾ ಬಾಯಿ ಮುಚಗೊಂಡು ಕುಂತಿದ್ದೆ.

ಅವನ ಕೆಲಸ ಏನು ಅಂತೀರಿ? ಶುಕ್ರವಾರ ಹೊಸಾ ಸಿನೆಮಾ ಬಂದ್ರ ಗೌಸಣ್ಣ. ಸೀರಿ ಸೇಲ್ ಹಚ್ಚಿದ್ರ ಗೌಸಣ್ಣ. ಪೋಲಿಯೋ ಹನಿ, ನಾಳೆ ನಳ ಬರೂದಿಲ್ಲ ಅನ್ನೋ ಸುದ್ದಿ, ಯಾರದೋ ಎಮ್ಮಿ ತಪ್ಪಿಸಿಕೊಂಡಿದ್ದು, ಎಲ್ಲಾ ಗೌಸಣ್ಣ. ಇಲೆಕ್ಷನ್ ಬಂತಂದ್ರ ಅಂವಗ ಉಸಿರು ಬಿಡಾಕ ಪುರಸೊತ್ತಿಲ್ಲ. ಮುಂಜಾನೆ ಒಂದು ಪಕ್ಷದ ಬಾವುಟ ಕಟ್ಟಿದ ಆಟೋ, ಊಟಾ ಆದಮ್ಯಾಲ ಅದಽ ಆಟೋಕ್ಕ ಇನ್ನೊಂದು ಬಾವುಟ. ಎರಡರಾಗೂ "ನಮ್ಮ ಪಕ್ಷ, ನಿಮ್ಮ ಪಕ್ಷ" ಅಂತ ಅದಽ ಧ್ವನಿ. ಕಟ್ಟಿ ಮ್ಯಾಲ ಕುಂತ ಮಂದಿ ಕಾಡಸ್ತಿದ್ರು: "ಗೌಸಣ್ಣ, ಇವತ್ತ ಯಾರಿಗೆ ವೋಟ್ ಹಾಕೋಣು?" ಅಂವ ಮೈಕ್ ಬಂದ್ ಮಾಡಿ, "ಹನ್ನೆರಡರ ತನಕ ಇವರಿಗೆ ಹಾಕ್ರಿ, ಊಟಾ ಆದಮ್ಯಾಲ ಅವರಿಗೆ" ಅಂತ ನಗ್ತಿದ್ದ.

ಈ ಧಂದೆಯೊಳಗ ಒಂದು ರೀತಿ ಐತಿ. ಚೀಟಿ ಬರದು ಕೊಟ್ಟದ್ದನ್ನ ಒಂದಕ್ಷರ ಬಿಡದ ಓದಬೇಕು. ಆಟೋದಿಂದ ಇಳದ್ರ ಆ ಮಾತು ಓದಿದಾಂವಂದಲ್ಲ. ಇದು ಎಲ್ಲಾರಿಗೂ ಗೊತ್ತು, ಯಾರೂ ಮನಸಿಗೆ ಹಚಗೋತಿದ್ದಿಲ್ಲ. ಹತ್ತು ವರ್ಷದ ಹಿಂದ ಒಂದು ಪಕ್ಷದವರು ಚೀಟಿಯೊಳಗ ಒಂದು ಹೊಲಸ ಸಾಲು ಬರದಿದ್ರು, ಗೌಸಣ್ಣನ ಮಂದೀನಽ ಚುಚ್ಚೋ ಸಾಲು. ಅದನ್ನ ಇಲ್ಲಿ ನಾ ಮತ್ತ ಹೇಳೂದಿಲ್ಲ. "ಇದೊಂದು ಬಿಟ್ಟು ಓದೋ ಮಾರಾಯಾ" ಅಂದೆ. "ಬಿಟ್ರ ಗಿರಾಕಿಗೆ ಮೋಸ ಆಗ್ತೈತಿ ಶೇಖರಪ್ಪ" ಅಂದ. ತನ್ನ ಓಣಿಯೊಳಗೂ ಅದನ್ನ ಓದಿದ. ಓದಿ ಇಳದು ಮೆಹಬೂಬನ ಜೋಡಿ ಅಲ್ಲೇ ನಿಂತು ಚಾ ಕುಡದ. ಮೆಹಬೂಬ ಎದುರಮನಿಯಾಂವ, ಸಣ್ಣಾಂವ ಇದ್ದಾಗಿಂದ ದೋಸ್ತ. ಅಂವ "ಗಂಟಲಾ ಹೋಗಿರಬೇಕು ನಿಂದು" ಅಂತ ಚಾಕ್ಕ ಶುಂಠಿ ಹಾಕಿಸಿ ಕೊಟ್ಟ.

ಎಲ್ಲಾ ಹಿಂಗಽ ನಡದಿತ್ತು. ಮೂರು ವರ್ಷದ ಹಿಂದ ಧಾರವಾಡದಿಂದ ಸುಮೇಧಾ ಅನ್ನೋ ಹುಡುಗಿ ಬಂದ್ಲು, ಪಿಎಚ್‌ಡಿ ಮಾಡಾಕಿ. ಅಜ್ಜ ಮಾಸ್ತರ, ಅಪ್ಪ ಪ್ರೊಫೆಸರ್, ಆಕಿ ಮಾತು ಅಗದೀ ಸಕ್ಕರಿ. ವಿಷಯ ಏನವಾ ಅಂತ ಕೇಳಿದ್ರ, "ಮಾಧ್ಯಮ, ಜನಪ್ರಿಯ ಸಂಸ್ಕೃತಿ ಮತ್ತು ರಾಜಕಾರಣ, ಕಾಕಾ. ನಿಮ್ಮ ಆಟೋ ಪ್ರಚಾರದ ಮ್ಯಾಲ ಬರೀಲಿಕ್ಕೆ ಹತ್ತೇನಿ" ಅಂದ್ಲು. ಗೌಸಣ್ಣ, ನಾನು ಇಬ್ರೂ ಹೊಟ್ಟಿ ಹಿಡಕೊಂಡು ನಕ್ಕಿವಿ. ನಮ್ಮ ಆಟೋದಾಗ ಇಷ್ಟೆಲ್ಲಾ ಹತ್ತಿ ಕುಂತೈತಿ ಅಂತ ನಮಗೇನು ಗೊತ್ತು?

ನಾಲ್ಕು ತಿಂಗಳು ಬಂದ್ಲು. ನನ್ನ ಅಂಗಡಿ ಬಾಗಲಾ ಹಾಕಿಸಿ, ನನ್ನದಽ ಮೈಕ್ ಹಚ್ಚಿ, ಗೌಸಣ್ಣನ ಹಳೇ ಪ್ರಚಾರ ಎಲ್ಲಾ ರೆಕಾರ್ಡ್ ಮಾಡಿಕೊಂಡ್ಲು. ಪಕ್ಷದ ಪ್ರಚಾರದ ಕಡೀಕೂ ಅಂವ "ಮರೆಯದಿರಿ, ಮರೆತು ನಿರಾಶರಾಗದಿರಿ" ಅಂತಿದ್ದ. "ಅಯ್ಯ, ಇದು ಸಿನೆಮಾದ ಮಾತಲ್ರಿ ಕಾಕಾ!" ಅಂತ ಆಕಿ ಹೌಹಾರಿದ್ಲು. ಅದರ ಮ್ಯಾಲ ಹತ್ತು ಪುಟ ಬರದ್ಲಂತ. ಅಭ್ಯರ್ಥಿ ಹೆಸರು ಬರೋ ಕಡೆ ಗೌಸಣ್ಣ ಸುಮ್ಮನಾಗಿ, ಎರಡು ಎಣಿಕಿ ಬಿಟ್ಟು ಮುಂದಿಂದು ಹೇಳ್ತಿದ್ದ. "ಹೆಸರು ಯಾಕ ಬಿಟ್ರಿ?" ಅಂದ್ರ, "ಈಗ ಯಾರೂ ನಿಂತಿಲ್ಲಲ್ಲವಾ, ಸುಳ್ಳ ಹೆಸರು ಯಾಕ ಹೇಳ್ಲಿ" ಅಂದ. ಕೆಲಸದಾಗ ಅಷ್ಟು ಕಟ್ಟುನಿಟ್ಟು ಮನಶಾ.

ಕಡೀಕ ಆಕಿ ಒಂದು ಒಪ್ಪಿಗಿ ಪತ್ರ ತಂದ್ಲು. "ಕಾಕಾ, ನಿಮ್ಮ ಹೆಸರು ಹಾಕೂದಿಲ್ರಿ. ಮಾಹಿತಿದಾರ ಏಳು ಅಂತ ಬರೀತೇನಿ. ನಿಮಗ ತ್ರಾಸ ಆಗಬಾರದು ಅಂತ ನಮ್ಮ ಕಡೆ ಹಿಂಗಽ ಪದ್ಧತಿ ಅದ" ಅಂದ್ಲು.

ಗೌಸಣ್ಣಗ ಬಂತು ನೋಡ್ರಿ ಸಿಟ್ಟು! "ಏಳು? ನಾ ಏನು ಜೇಲಿನ ಕೈದೀನೇನು? ಸಿನೆಮಾ ಪೋಸ್ಟರ್‌ನ್ಯಾಗ ಲೈಟ್ ಹಿಡದಾಂವನ ಹೆಸರೂ ಇರ್ತೈತಿ. ಪಕ್ಷದ ಹ್ಯಾಂಡಬಿಲ್‌ನ್ಯಾಗ ಪ್ರೆಸ್ಸಿನಾಂವನ ಹೆಸರು ಇರ್ತೈತಿ. ಊರ ಮಂದಿ ಹೆಸರೆಲ್ಲಾ ನಾ ಒದರೇನಿ. ನಂದು ಯಾರರೆ ಒಮ್ಮೆರೆ ಒದರ್ಯಾರೇನು? ಹಾಕೂದಿದ್ರ ಪೂರ್ತಿ ಹಾಕು, ಗೌಸಮೊದ್ದೀನ ಹುಸೇನಸಾಬ ನದಾಫ. ಇಲ್ಲಾಂದ್ರ ಎಲ್ಲಾ ಅಳಿಸಿ ನಡಿ."

ಆಕಿ ತಿಳಿಸಿ ಹೇಳಿದ್ಲು, ಸುಳ್ಳ ಯಾಕ ಹೇಳ್ಲಿ, ಎರಡು ಸಲ ಹೇಳಿದ್ಲು. ನಡುವ ಬಾಯಿ ಹಾಕಿದಾಂವ ನಾನು. "ಹಾಕವಾ ತಂಗಿ, ಊರಿಗೆಲ್ಲಾ ಗೊತ್ತಿದ್ದ ಮನಶಾ, ಅಂವಗೇನಾಗ್ತೈತಿ" ಅಂದೆ. ಚೀಟಿ ಅಂದ್ರ ಅಕ್ಷರಾ ಅಕ್ಷರಾ ಓದೋ ಗೌಸಣ್ಣ ಆ ಮೂರು ಪುಟ ಓದಲಿಲ್ಲ. ರೆಕಾರ್ಡಿಂಗ್ ಎಲ್ಲಾ ಇಂಟರ್‌ನೆಟ್‌ನ್ಯಾಗ ಯಾರು ಬೇಕಾದ್ರೂ ಕೇಳೂಹಂಗ ಇಡ್ತೇವಿ ಅನ್ನೋದೂ ಅದರಾಗಽ ಇತ್ತು. ಸಹಿ ಮಾತ್ರ ದೊಡ್ಡದು ಮಾಡಿದ.

ಸಹಿ ಆದಮ್ಯಾಲ ಆಕಿ, ಹಳೇ ಚೀಟಿಯೊಳಗ ಕಂಡಿದ್ದ ಆ ಹೊಲಸ ಸಾಲಿನ ಬಗ್ಗೆ ಕೇಳಿದ್ಲು. ಅದನ್ನ ಓದುಮುಂದ ನಿಮಗ ಏನನಸ್ತು ಕಾಕಾ ಅಂತ. ಗೌಸಣ್ಣ ನಕ್ಕ. ನೀರು ಕುಡದ. ಆಮ್ಯಾಲ ಹೇಳಿದ: "ಬಾಯಿ ಓದತಿತ್ತವಾ, ಹೊಟ್ಟಿ ಉರೀತಿತ್ತು. ಅದನ್ನ ಬರದಾಂವ ಹೇಡಿ. ತನ್ನ ಬಾಯಿಲೆ ಹೇಳೋ ಧೈರ್ಯ ಇಲ್ಲದ್ದಕ್ಕ ನನ್ನ ಬಾಯಿ ಬಾಡಗಿ ತಗೊಂಡ." ಇಷ್ಟು ವರ್ಷ ನನಗೂ ಹೇಳಿದ್ದಿಲ್ಲ ಅದನ್ನ. ನನ್ನ ಕಣ್ಣು ತುಂಬಿ ಬಂದ್ವು. ಸುಮೇಧಾ ತಲಿ ತಗ್ಗಿಸಿ ಬರಕೊಂಡ್ಲು.

ಪಿಎಚ್‌ಡಿ ಆತು, ಅದು ಪುಸ್ತಕಾನೂ ಆತು. ಧಾರವಾಡದಾಗ ಬಿಡುಗಡಿ. ಗೌಸಣ್ಣ ಇಸ್ತ್ರಿ ಹೊಡದ ಬಿಳಿ ಅಂಗಿ ಹಾಕ್ಕೊಂಡು, ಅತ್ತರ ಹಚಗೊಂಡು ಬಂದ. ಸ್ಟೇಜ್ ಮ್ಯಾಲ ಐದು ಮಂದಿ ಎರಡು ತಾಸು ಮಾತಾಡಿದ್ರು. ಮೈಕ್ ಹೆಂಗ ಹಿಡೀಬೇಕು ಅನ್ನೋದು ಒಬ್ಬರಿಗೂ ಗೊತ್ತಿದ್ದಿಲ್ಲ. ಅವನ ಹೆಸರು ಒಮ್ಮೆ ತಗದ್ರು, ಅಂವ ಎದ್ದು ನಿಂತು ಕೈ ಮುಗದ. ಆ ಪುಸ್ತಕ ಬಗಲಾಗ ಇಟಗೊಂಡು ವಾರಗಟ್ಲೆ ಓಣಿ ತುಂಬ ಅಡ್ಡಾಡಿದ, ನೂರಾ ಹನ್ನೆರಡನೇ ಪುಟ ತಗದು ತಗದು ತೋರಿಸಿದ. ನೋಡಿದವರು ಹೆಸರಷ್ಟಽ ನೋಡಿದ್ರು, ಮುಂದಿಂದು ಯಾರೂ ಓದಲಿಲ್ಲ.

ಓದಿದಾಂವ ಒಬ್ಬ ಮೊಬೈಲ್ ಸುದ್ದಿ ಚಾನೆಲ್ಲಿನಾಂವ. ಆ ಪುಟದ ಫೋಟೋ ಹೊಡದು, "ನಾಯಕರು ಹೇಡಿಗಳು: ಪ್ರಚಾರಕನ ಬಾಯಿಂದಲೇ ಹೊರಬಿತ್ತು ಸತ್ಯ" ಅಂತ ಹಾಕಿದ. ಕೆಳಗ ಗೌಸಣ್ಣನ ಪೂರ್ತಿ ಹೆಸರು, ಅಪ್ಪನ ಹೆಸರು ಕೂಡಿ. ಮಾಹಿತಿದಾರ ಏಳು ಅಂತ ಇದ್ದಿದ್ರ ಆ ಸುದ್ದಿ ಯಾವ ನಾಯಿನೂ ಮೂಸತಿದ್ದಿಲ್ಲ.

ಆ ಪಕ್ಷದವರು ನಾಲ್ಕು ಮಂದಿ ನನ್ನ ಅಂಗಡಿಗೆ ಬಂದ್ರು. "ಅಂವ ಇನ್ನೊಮ್ಮೆ ನಿಮ್ಮ ಆಟೋ ಹತ್ತಿದ್ರ ನಿಮ್ಮ ಮೈಕೂ ನಮಗ ಬ್ಯಾಡ" ಅಂದ್ರು. ಎದುರ ಪಕ್ಷದವರರೆ ಖುಷಿ ಆದಾರು ಅಂದುಕೊಂಡ್ರ, "ಇವತ್ತ ಅವರದು ಹೇಳ್ಯಾನ, ನಾಳೆ ನಮ್ಮದು ಹೇಳ್ತಾನ" ಅಂದ್ರು. ಸೀರಿ ಅಂಗಡಿ ಮಾಲಕರು "ಸುಮ್ನ ಯಾಕ್ರಿ ಗದ್ದಲ, ಬ್ಯಾರೆಯವರನ್ನ ಕಳಸ್ರಿ" ಅಂದ್ರು. ಎಲ್ಲಾಕಿಂತ ಹೊಲಸ ಆಗಿದ್ದು ಅವನ ಓಣಿಯೊಳಗ. "ನಮ್ಮ ಮಂದಿ ಮ್ಯಾಲ ಅಂಥಾ ಮಾತು ಓದಿದ್ದೇನು ನೀ?" ಅಂತ ಕೇಳಿದ್ರು. ಅಲ್ರೀ, ಹತ್ತು ವರ್ಷದ ಹಿಂದ ಅವರ ಬಾಗಲಾ ಮುಂದಽ ಓದ್ಯಾನಲ್ರೀ, ಎರಡು ಮೈಕ್ ಹಾರ್ನ್ ಕಟ್ಟಿ! ಕಿವಿಲೆ ಕೇಳಿದಾಗ ಯಾರಿಗೂ ಏನೂ ಆಗಿದ್ದಿಲ್ಲ, ಪುಸ್ತಕದಾಗ ಬಂದ ಕೂಡ್ಲೇ ಪಾಪ ಆತು. ಮೆಹಬೂಬನೂ ಸಲಾಮ್ ಹೇಳೂದು ಬಿಟ್ಟ.

ಮತ್ತ ನಾನು? "ನಾಲ್ಕು ದಿನಾ ಮನ್ಯಾಗ ಇರು ಗೌಸಣ್ಣ, ಗದ್ದಲ ತಣ್ಣಗಾಗ್ಲಿ" ಅಂದೆ. ಆ ನಾಲ್ಕು ದಿನಾ ಎಂಟು ತಿಂಗಳಾತು.

ಒಂದಿನಾ ಅವನ್ನ ಕರಕೊಂಡು ಧಾರವಾಡಕ್ಕ ಹೋದೆ. ಸುಮೇಧಾಗ ಆಗಲೇ ಕಾಲೇಜಿನ್ಯಾಗ ನೌಕರಿ ಹತ್ತಿತ್ತು. "ಅವಾ, ನನ್ನ ಹೆಸರು ತಗದಬಿಡು. ಏಳು ಅಂತಽ ಹಾಕು" ಅಂದ ಗೌಸಣ್ಣ. ಆಕಿ ಅತ್ತಬಿಟ್ಲು. "ಅಚ್ಚಾದ ಪುಸ್ತಕದಾಗಿಂದು ಹೆಂಗ ತಗೀಲ್ರಿ ಕಾಕಾ? ಆದ್ರ ನಿಮಗಾದ ಅನ್ಯಾಯ ನಾ ಬಿಡೂದಿಲ್ಲ. ಇದರ ಮ್ಯಾಲ ಇನ್ನೊಂದು ಲೇಖನ ಬರೀತೇನಿ, ದಿಲ್ಲಿಯೊಳಗ ಸೆಮಿನಾರ್ ಅದ" ಅಂದು, ಕಣ್ಣು ಒರಸಿಕೊಂತ ಫೋನ್ ರೆಕಾರ್ಡಿಗೆ ಹಚ್ಚಿ ಟೇಬಲ್ ಮ್ಯಾಲ ಇಟ್ಲು. ಕೆಟ್ಟಾಕಿ ಆಗಿದ್ರ ನಾಲ್ಕು ಮಾತು ಬೈದು ಬರ್ತಿದ್ದಿವಿ. ಕೆಟ್ಟಾಕಿ ಅಲ್ಲ, ಅದಕ್ಕಽ ಮೈ ಉರೀತು ನನಗ. ಗೌಸಣ್ಣ ಆ ಫೋನ್ ಬೋರಲ ಹಾಕಿ ಎದ್ದ.

ಮುಂದ ಕೆಲಸಕ್ಕ ಆಶಾ ಬಿಟ್ಟ. ಒಂದಽ ಒಂದು ಉಳದಿತ್ತು ಅಂವಗ, ಓಣಿಯವರು ಮತ್ತ ಮಾತಾಡಿಸಬೇಕು. ಮನಿಮನಿಗೆ ಹೋಗಿ, ಆ ಪಕ್ಷಕ್ಕ ಇನ್ನ ಮ್ಯಾಲ ಬಾಯಿ ಕೊಟ್ರ ನನ್ನ ಮಣ್ಣಿಗೂ ಬರಬ್ಯಾಡ್ರಿ ಅಂತ ಆಣಿ ಮಾಡಿದ. ಈ ರಂಜಾನಕ್ಕ ಮೆಹಬೂಬನ ಮನಿಯಿಂದ ಸುರಕುಂಬಾ ಪಾಯಸ ಬಂತು. ಅಂವ ಆ ಡಬ್ಬಿ ಹಿಡಕೊಂಡು ನನ್ನ ಅಂಗಡಿಗೆ ಓಡಿ ಬಂದ. "ಶೇಖರಪ್ಪ, ಮೆಹಬೂಬ ಕಳಿಸ್ಯಾನೋ!" ಅಂತ ಸಣ್ಣ ಹುಡುಗನಂಗ ಅತ್ತ.

ವಾರ್ಡ್ ಇಲೆಕ್ಷನ್ ಬಂತು. ಅದಽ ಪಕ್ಷದವರು ನನ್ನ ಮೂರೂ ಆಟೋ ಹಿಡದು, ಒಂದು ಪೆನ್‌ಡ್ರೈವ್ ಕೊಟ್ರು. ಹಚ್ಚಿ ಕೇಳಿದೆ. ಗೌಸಣ್ಣನ ಧ್ವನಿ! ಹಿಂದ ನನ್ನ ಅಂಗಡಿ ಫ್ಯಾನಿನ ಕಟಕಟ ಸೈತ ಕೇಳಸ್ತಿತ್ತು. ಅಂವ ಬಿಟ್ಟ ಜಾಗಾದಾಗ ಯಾವನೋ ಕೀರಲ ಧ್ವನಿಯೊಳಗ ಅಭ್ಯರ್ಥಿ ಹೆಸರು ತುಂಬಿದ್ದ. "ಇದೆಲ್ಲಿದ್ರಿ?" ಅಂದೆ. "ನೆಟ್‌ನ್ಯಾಗ ಐತ್ರಿ, ಯಾರು ಬೇಕಾದ್ರೂ ತಗೋಬಹುದು. ಅಂವ ನಮಗ ಬ್ಯಾಡ, ಆದ್ರ ಮಂದಿಗೆ ಈ ಧ್ವನೀನಽ ಬೇಕಲ್ರಿ" ಅಂದ್ರು. ಒಲ್ಲೆ ಅನ್ನಬೇಕಾಗಿತ್ತು. ಅನ್ನಲಿಲ್ಲ. ಗೌಸಣ್ಣನ ಓಣಿ ಒಂದು ಬಿಡೋಣ್ರಿ ಅಂದೆ, ಅದೂ ಮೆಲ್ಲಕ. "ಅಲ್ಲೂ ವೋಟ್ ಅದಾವ್ರಿ" ಅಂದ್ರು. ಪೆನ್‌ಡ್ರೈವ್ ಕಿಸೆದಾಗ ಇಟಗೊಂಡೆ.

ಅವತ್ತ ಡ್ರೈವರ್ ಬರಲಿಲ್ಲ, ನಾನಽ ಆಟೋ ಹೊಡದೆ. ಹಿಂದ ಪಕ್ಷದಾಂವ ಕುಂತಿದ್ದ. ಮುಂಜಾನೆ ಹತ್ತು ಗಂಟೆ, ಕಟ್ಟಿ ಮ್ಯಾಲ ಮಂದಿ ಇದ್ರು. ಮೂಲಿ ತಿರುಗಿದ್ದಽ ತಡ, ಆ ಧ್ವನಿ ಎರಡೂ ಕಡೀ ಗ್ವಾಡಿಗೆ ಬಡದು ಓಣಿ ತುಂಬಿತು. ಮೆಹಬೂಬ ಎದ್ದು ನಿಂತ. ಗೌಸಣ್ಣ ಆಟೋದಾಗ ಅದಾನ ಅಂದುಕೊಂಡು ಬಗ್ಗಿ ಒಳಗ ಹುಡುಕಿದ. ಅಷ್ಟರಾಗ ಗೌಸಣ್ಣ ತನ್ನ ಮನಿಯಿಂದ ಬರಿಗಾಲಿಲೆ ಓಡಿ ಬಂದ. "ನಾ ಅಲ್ಲೋ ಮೆಹಬೂಬಾ! ನಾ ಇಲ್ಲೇ ಅದೇನಿ ನೋಡೋ!" ಅಂತ ಒದರಿದ. ಹಾರ್ನಿನಾಗಿಂದು ಅವನ ಧ್ವನೀನಽ ಜೋರ ಇತ್ತು, ಖರೇ ಬಾಯಿದು ಹತ್ತು ಹೆಜ್ಜಿ ದಾಟಲಿಲ್ಲ. ಆಮ್ಯಾಲ ಅಂವ ಒದರೂದು ಬಿಟ್ಟ. ಎರಡೂ ತುಟಿ ಗಟ್ಟಿ ಮುಚ್ಚಿ, ಬಟ್ಟು ಮಾಡಿ ತನ್ನ ಬಾಯಿ ತೋರಿಸಿದ. ನೋಡ್ರಿ, ಮುಚ್ಚೇತಿ, ನೋಡ್ರಿ ಅಂತ.

ಮೆಹಬೂಬ ಅವನ್ನ ಮ್ಯಾಲಿಂದ ಕೆಳಗ ನೋಡಿದ. "ರೆಕಾರ್ಡ್ ಮಾಡಿ ಕೊಟ್ಟು ಮನ್ಯಾಗ ಕುಂತಿಯಲ್ಲೋ, ಭಾಳ ಶಾಣ್ಯಾ ಆಗಿ" ಅಂದು ಒಳಗ ಹೋಗಿ ಬಾಗಲಾ ಹಾಕಿಕೊಂಡ. ಕಟ್ಟಿ ಮ್ಯಾಲಿನ ಮಂದೀನೂ ಒಬ್ಬೊಬ್ಬರಽ ಎದ್ರು.

ಗೌಸಣ್ಣ ಬಂದು ಆಟೋದ ಸಳಿ ಹಿಡಕೊಂಡ. "ಬಂದ್ ಮಾಡೋ ಶೇಖರಪ್ಪ. ನಿನ್ನ ಕಾಲು ಹಿಡೀತೇನಿ. ನೀನರೆ ಹೇಳೋ ಅವರಿಗೆ, ನಿನ್ನ ಅಂಗಡಿಯೊಳಗಽ ಮಾಡಿದ್ದಲ್ಲೋ ಅದು." ಸ್ವಿಚ್ ನನ್ನ ಮೊಣಕಾಲ ಹತ್ರಽ ಇತ್ತು. ಹಿಂದ ಕುಂತ ಪಕ್ಷದಾಂವ, "ಯಾಕ ನಿಂದ್ರಿಸಿದ್ರಿ?" ಅಂದ.

ನಾ ಗೇರ್ ಹಾಕಿದೆ.